ಶುಗರ್ ಇದ್ದವರು ತಲೆಯನ್ನೂ ನೋಡಿಕೊಳ್ಳಿ: ಮುಂಬೈ ಕನ್ನಡಿಗರ ಮನೆಗೊಂದು ಕೈಪಿಡಿ

ಶುಗರ್ ಬಂದ ಮನೆಯಲ್ಲಿ ಎಲ್ಲರಿಗೂ ಒಂದು ಪಟ್ಟಿ ಬಾಯಿಪಾಠ ಇರುತ್ತದೆ. ಕಾಲಿಗೆ ಗಾಯ ಆಗಬಾರದು. ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. ಕಿಡ್ನಿಗೆ ಒಂದು ಪರೀಕ್ಷೆ, ಹಾರ್ಟಿಗೆ ಒಂದು ಇಸಿಜಿ. ಈ ಪಟ್ಟಿಯಲ್ಲಿ ತಲೆ ಇರುವುದೇ ಇಲ್ಲ. ಅಪ್ಪ ಬೆಳಗಿನ ಮಾತ್ರೆ ನುಂಗಿದ್ದು ಮರೆತು ಇನ್ನೊಮ್ಮೆ ನುಂಗಿದರೆ "ವಯಸ್ಸಾಯ್ತಲ್ವಾ" ಅಂದು ಸುಮ್ಮನಾಗುತ್ತೇವೆ. ವಯಸ್ಸೂ ಇರಬಹುದು. ಆದರೆ ಹತ್ತು ಹದಿನೈದು ವರ್ಷದಿಂದ ಶುಗರ್ ಇರುವವರಲ್ಲಿ ಬರೀ ವಯಸ್ಸನ್ನು ದೂರಿ ಬಿಟ್ಟರೆ ಆಗುವುದಿಲ್ಲ.

ಮಾಟುಂಗಾ, ಮುಲುಂಡ್, ಡೊಂಬಿವಲಿ, ವಸಾಯಿ ಕಡೆಯ ನಮ್ಮ ಮನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರು, ಎರಡು ಗಂಟೆ ಲೋಕಲ್‌ನಲ್ಲಿ ನಿಂತು ಕೆಲಸಕ್ಕೆ ಹೋಗುವವರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದನ್ನು ಓದಿ ಮಾತ್ರೆ ಹೆಚ್ಚು ಕಮ್ಮಿ ಮಾಡಬೇಡಿ. ಡಾಕ್ಟರ ಹತ್ತಿರ ಏನು ಕೇಳಬೇಕು, ಮನೆಯಲ್ಲಿ ಏನು ನೋಡಬೇಕು, ಅಷ್ಟಕ್ಕೆ ಇದು.

ಒಳಗೆ ಏನಾಗುತ್ತದೆ

ಮಿದುಳಿನ ತೂಕ ನಮ್ಮ ಮೈತೂಕದಲ್ಲಿ ಸುಮಾರು 2 ಶೇಕಡಾ. ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು. ದಿನಕ್ಕೆ ಹೆಚ್ಚುಕಮ್ಮಿ 120 ಗ್ರಾಂ ಗ್ಲೂಕೋಸ್ ಉರಿಸುತ್ತದೆ. ಇದನ್ನು ಕೇಳಿದ ಕೂಡಲೇ "ಹಾಗಾದ್ರೆ ಸಿಹಿ ತಿಂದ್ರೆ ತಲೆಗೆ ಒಳ್ಳೆಯದೇ ಅಲ್ವಾ?" ಎಂದು ಕೇಳುವವರಿದ್ದಾರೆ. ಅಲ್ಲ. ಆ ಗ್ಲೂಕೋಸನ್ನು ಅನ್ನ, ರೊಟ್ಟಿ, ಬೇಳೆಯಿಂದಲೇ ದೇಹ ಹೊಂದಿಸಿಕೊಳ್ಳುತ್ತದೆ. ನೀವು ಉಪವಾಸ ಇದ್ದರೂ ಯಕೃತ್ತು ಅದನ್ನು ತಯಾರಿಸಿ ಕೊಡುತ್ತದೆ.

ತೊಂದರೆ ಇರುವುದು ರಕ್ತದಲ್ಲಿ ಉಳಿದುಹೋಗುವ ಹೆಚ್ಚಿನ ಸಕ್ಕರೆಯಿಂದ. ಅದು ರಕ್ತನಾಳದ ಒಳಪದರದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನಾಳ ಗಡುಸಾಗುತ್ತದೆ, ಒಳಗೆ ಕಿರಿದಾಗುತ್ತದೆ. ಹಳೇ ಚಾಳಿನ ಮೇಲಿನ ಮಹಡಿಯ ಕೊನೆಯ ನಲ್ಲಿಯನ್ನು ನೆನಪಿಸಿಕೊಳ್ಳಿ. ಕೆಳಗಿನವರಿಗೆ ನೀರು ಜೋರಾಗಿಯೇ ಬರುತ್ತದೆ, ಅಲ್ಲಿ ಮಾತ್ರ ತೊಟ್ಟಿಕ್ಕುತ್ತದೆ. ಮಿದುಳಿನ ಒಳಗಿನ ಬಿಳಿ ಭಾಗಕ್ಕೆ ಹೋಗುವ ಸಣ್ಣ ನಾಳಗಳ ಸ್ಥಿತಿ ಹಾಗೆ. ಅಲ್ಲಲ್ಲಿ ಚಿಕ್ಕ ಚಿಕ್ಕ ಜಾಗ ಒಣಗುತ್ತದೆ. ಕೈಕಾಲು ಬಿದ್ದುಹೋಗುವುದಿಲ್ಲ, ನೋವೂ ಇಲ್ಲ, ಗೊತ್ತೇ ಆಗುವುದಿಲ್ಲ. ಬೇರೆ ಯಾವುದಕ್ಕೋ ಎಂಆರ್‌ಐ ಮಾಡಿಸಿದಾಗ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ದೊಡ್ಡ ನಾಳ ಕಟ್ಟಿಕೊಂಡರೆ ಅದು ಸ್ಟ್ರೋಕ್, ಲಕ್ವ.

ಇನ್ನೊಂದು ದಾರಿ ಇನ್ಸುಲಿನ್‌ನದು. ಇನ್ಸುಲಿನ್ ಕೆಲಸ ಮೈಯಲ್ಲಷ್ಟೇ ಅಲ್ಲ, ಮಿದುಳಿನಲ್ಲೂ ಇದೆ. ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಅದಕ್ಕೆ ಮಹತ್ವದ ಪಾತ್ರವಿದೆ. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದೇ ಹೋದಾಗ ಮಿದುಳಿಗೂ ಅದರ ಬಿಸಿ ತಟ್ಟುತ್ತದೆ. ಇದನ್ನೇ ಹಿಡಿದು ವಾಟ್ಸಾಪ್‌ನಲ್ಲಿ "ಅಲ್ಝೈಮರ್ ಅಂದ್ರೆ ಟೈಪ್ 3 ಡಯಾಬಿಟಿಸ್" ಅಂತ ಓಡಾಡುತ್ತಿದೆ. ಕೆಲವು ಸಂಶೋಧಕರು ಬಳಸಿದ ಮಾತು ಅದು, ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವ ಕಾಯಿಲೆಯ ಹೆಸರಲ್ಲ. ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಶುಗರ್ ಇದ್ದವರಿಗೆಲ್ಲ ಮರೆವಿನ ಕಾಯಿಲೆ ಬರುವುದಿಲ್ಲ, ಬರುವ ಸಾಧ್ಯತೆ ಜಾಸ್ತಿ ಆಗುತ್ತದೆ ಅಷ್ಟೆ.

ಮೊದಲು ಸಂಖ್ಯೆಗಳನ್ನು ಬರೆದಿಡಿ

ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಇವನ್ನು ಬರೆಯಿರಿ. ಖಾಲಿ ಹೊಟ್ಟೆಯ ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಸರಿ, 100ರಿಂದ 125 ಗಡಿಯ ಮೇಲೆ, 126 ಅಥವಾ ಜಾಸ್ತಿ ಇದ್ದರೆ ಮಧುಮೇಹ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ಕ್ಕಿಂತ ಕಡಿಮೆ ಇದ್ದರೆ ಸರಿ, 5.7ರಿಂದ 6.4 ಗಡಿ, 6.5 ಅಥವಾ ಜಾಸ್ತಿ ಇದ್ದರೆ ಮಧುಮೇಹ. ಪಕ್ಕದಲ್ಲೇ ಬಿಪಿ ಮತ್ತು ಎಲ್‌ಡಿಎಲ್ ಕೊಲೆಸ್ಟ್ರಾಲ್ ಕೂಡ ಬರೆದುಕೊಳ್ಳಿ. ಮಿದುಳಿನ ನಾಳದ ವಿಷಯಕ್ಕೆ ಬಂದರೆ ಈ ಮೂರೂ ಒಟ್ಟಿಗೆ ಕೆಲಸ ಕೆಡಿಸುತ್ತವೆ. ಶುಗರ್ ಒಂದನ್ನೇ ಹಿಡಿದುಕೊಂಡು ಬಿಪಿ 160 ಇಟ್ಟುಕೊಂಡರೆ ಏನೂ ಬಂದಂತಾಗಲಿಲ್ಲ.

ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ರಕ್ತಹೀನತೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ಕಿಡ್ನಿ ತೊಂದರೆ ಇದ್ದವರಲ್ಲಿ ಅದು ತಪ್ಪು ಲೆಕ್ಕ ಕೊಡಬಹುದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಬೇರೆ ಹೇಳಬೇಕಾಗಿಲ್ಲ. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಜತೆಯಲ್ಲೇ ನೋಡಿಸಿ.

ಗಡಿಯಲ್ಲಿರುವವರು "ನನಗಿನ್ನೂ ಶುಗರ್ ಬಂದಿಲ್ಲ" ಅಂದುಕೊಂಡು ಆರಾಮ ಆಗಿಬಿಡುತ್ತಾರೆ. ಅಮೆರಿಕದ ಸಿಯಾಟಲ್ ಕಡೆಯ 2,067 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಮಧುಮೇಹ ಇಲ್ಲದವರಲ್ಲೇ ಸರಾಸರಿ ಶುಗರ್ 100 ಇದ್ದವರಿಗಿಂತ 115 ಇದ್ದವರಿಗೆ ಮರೆವಿನ ಕಾಯಿಲೆಯ ಅಪಾಯ 18 ಶೇಕಡಾ ಹೆಚ್ಚಿತ್ತು. ಶುಗರ್‌ನಿಂದಲೇ ಆಯಿತು ಎಂದು ಇದು ಸಾಬೀತು ಮಾಡುವುದಿಲ್ಲ. ಆದರೂ ಗಡಿ ಎಂಬುದು ಲ್ಯಾಬ್ ರಿಪೋರ್ಟಿನ ಗೆರೆ, ರಕ್ತನಾಳಕ್ಕೆ ಆ ಗೆರೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಹೀಗೆ ಗಡಿಯಲ್ಲಿರುವವರು 13.6 ಕೋಟಿ, ಮಧುಮೇಹ ಇರುವವರು 10.1 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಮಧುಮೇಹದಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಗೋವಾ, 26.4 ಶೇಕಡಾ. ಮಡಗಾಂವ್, ವಾಸ್ಕೋದಲ್ಲಿ ನೆಂಟರಿದ್ದರೆ ಅವರಿಗೂ ಒಂದು ಫೋನ್ ಮಾಡಿ.

ಎಷ್ಟು ಬೇಗ ಬಂತು ಎನ್ನುವುದೂ ಮುಖ್ಯ. ಲಂಡನ್‌ನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, 70ನೇ ವಯಸ್ಸಿಗೆ ಶುಗರ್ ಬಂದು 10 ವರ್ಷ ದಾಟಿದವರಿಗೆ ಅಪಾಯ ಸುಮಾರು ಎರಡು ಪಟ್ಟು ಇತ್ತು. ಐದು ವರ್ಷದೊಳಗೆ ಬಂದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಲವತ್ತರ ಹೊತ್ತಿಗೆ ಶುಗರ್ ಬಂದ ಹೋಟೆಲ್ ಮ್ಯಾನೇಜರ್ ಎಪ್ಪತ್ತರ ಹೊತ್ತಿಗೆ ಶುಗರ್ ಬಂದ ಅಜ್ಜನಿಗಿಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಕು.

ಲ್ಯಾಬ್ ಖರ್ಚು ಭಾರ ಆಗುವವರಿಗೆ ಮುಂಬೈ ಪಾಲಿಕೆಯ ಆಪಲಾ ದವಾಖಾನಾಗಳಿವೆ. ಸಂಜೆಯೂ ತೆರೆದಿರುತ್ತವೆ, ಕೆಲಸ ಮುಗಿಸಿ ಹೋಗಬಹುದು.

ಮನೆಯಲ್ಲಿ ಏನನ್ನು ಗಮನಿಸಬೇಕು

ಮರೆವು ಅಂದರೆ ಹೆಸರು ಮರೆಯುವುದು ಎಂದೇ ಎಲ್ಲರೂ ತಿಳಿದಿರುತ್ತಾರೆ. ಹೆಸರು ಎಲ್ಲರೂ ಮರೆಯುತ್ತಾರೆ. ಶುಗರ್‌ನಿಂದ ಸಣ್ಣ ನಾಳಗಳು ಕೆಟ್ಟಾಗ ಎಷ್ಟೋ ಸಲ ಮೊದಲು ಕುಗ್ಗುವುದು ನೆನಪಲ್ಲ, ತಲೆಯ ವೇಗ ಮತ್ತು ಒಂದಾದ ಮೇಲೆ ಒಂದು ಕೆಲಸ ಜೋಡಿಸಿಕೊಳ್ಳುವ ಶಕ್ತಿ.

ಗಲ್ಲಾದಲ್ಲಿ ಕೂತವರನ್ನು ನೋಡಿ. ಮೂರು ಟೇಬಲ್ಲಿನ ಬಿಲ್ ಬಾಯಲ್ಲೇ ಕೂಡಿಸಿ ಚಿಲ್ಲರೆ ಕೊಡುತ್ತಿದ್ದವರು ಈಗ ಎರಡು ಇಡ್ಲಿ, ಒಂದು ವಡೆ, ಎರಡು ಚಹಾಕ್ಕೂ ಕ್ಯಾಲ್ಕುಲೇಟರ್ ಒತ್ತುತ್ತಾರೆ, ಒತ್ತಿ ಇನ್ನೊಮ್ಮೆ ಒತ್ತುತ್ತಾರೆ. 500ರ ನೋಟು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಲ್ಲುತ್ತಾರೆ. ತರಕಾರಿಯವನಿಗೆ ಕೊಟ್ಟ ದುಡ್ಡು ಬರೆದಿರುತ್ತಾರೆ, ಹಾಲಿನವನದು ಬಿಟ್ಟುಹೋಗಿರುತ್ತದೆ. ಹೊಸ ಹುಡುಗನ ಮೇಲೆ ಸುಮ್ನೆ ರೇಗುತ್ತಾರೆ. ಇಂಥದ್ದು ಮನೆಯವರಿಗಿಂತ ಮೊದಲು ಹೋಟೆಲಿನ ಹುಡುಗರಿಗೆ ಗೊತ್ತಾಗಿರುತ್ತದೆ. ಅವರು ಹೇಳುವುದಿಲ್ಲ, ನೀವೇ ಕೇಳಬೇಕು.

ರೈಲಿನಲ್ಲಿ ಓಡಾಡುವವರಾದರೆ, ಫಾಸ್ಟ್ ಗಾಡಿ ಪ್ಲಾಟ್‌ಫಾರ್ಮ್ ಬದಲಾಗಿದೆ ಎಂದು ಸಾರಿದಾಗ ಥಟ್ಟನೆ ಎದ್ದು ಹೊರಡುತ್ತಾರಾ ಅಥವಾ ಗೊಂದಲ ಆಗಿ ಅಲ್ಲೇ ನಿಲ್ಲುತ್ತಾರಾ ನೋಡಿ. ಅಡುಗೆಮನೆಯಲ್ಲಿ ನೀರುದೋಸೆ ಹಿಟ್ಟಿಗೆ ಎರಡು ಸಲ ಉಪ್ಪು ಬೀಳುವುದು, ಹಬ್ಬದ ಅಡುಗೆಯನ್ನು ಯಾವುದರಿಂದ ಶುರು ಮಾಡಬೇಕೆಂದು ತಿಳಿಯದೆ ಕೂರುವುದು, ಇವೂ ಅದೇ ಜಾತಿಯವು.

ಒಂದು ಸಲ ಆದದ್ದಕ್ಕೆ ಗಾಬರಿ ಬೇಡ. ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಏನಾಯಿತು, ಆಗ ಶುಗರ್ ಎಷ್ಟಿತ್ತು ಎಂದು ಒಂದು ಸಾಲು ಬರೆಯಿರಿ. ಗ್ಲುಕೋಮೀಟರ್ ಮನೆಯಲ್ಲಿದ್ದರೆ ಆಗಲೇ ಚುಚ್ಚಿ ನೋಡಿ. ಎರಡು ತಿಂಗಳಲ್ಲಿ ಒಂದು ಚಿತ್ರ ಸಿಗುತ್ತದೆ. ಕೆಲವರಿಗೆ 250 ದಾಟಿದ ದಿನ ತಲೆ ಭಾರ, ಮಂಕು, ಸಿಡಿಮಿಡಿ. ಕೆಲವರಿಗೆ ಮಧ್ಯಾಹ್ನ ಊಟ ತಡವಾದ ದಿನ ಮಾತ್ರ. ಈ ವ್ಯತ್ಯಾಸ ಡಾಕ್ಟರಿಗೆ ಬಹಳ ಬೇಕಾದ ಮಾಹಿತಿ.

ನಿನ್ನೆ ಸರಿ ಇದ್ದವರು ಇವತ್ತು ಹಗಲು ರಾತ್ರಿ ಗೊತ್ತಾಗದೆ ಮಾತಾಡಿದರೆ ಅದು ನಿಧಾನದ ಮರೆವಿನ ಕಾಯಿಲೆ ಅಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿದದ್ದು, ಶುಗರ್ ತೀರಾ ಇಳಿದದ್ದು ಅಥವಾ ತೀರಾ ಏರಿದ್ದು, ಏನಾದರೂ ಇರಬಹುದು. ಹಿರಿಯರಲ್ಲಿ ಶುಗರ್ 600 ದಾಟಿ, ಮೈಯಲ್ಲಿ ನೀರೆಲ್ಲ ಹೋಗಿ, ಮಂಪರಿಗೆ ಜಾರುವುದುಂಟು. ಜ್ವರ ಬಂದು ಎರಡು ಮೂರು ದಿನ ಏನೂ ಕುಡಿಯದೇ ಮಲಗಿದವರಲ್ಲಿ ಇದು ಜಾಸ್ತಿ. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಬಿ12 ನೋಡಿಸದೇ ಮರೆವಿಗೆ ಹೆಸರಿಡಬೇಡಿ

ಮೆಟ್‌ಫಾರ್ಮಿನ್ ಮಾತ್ರೆ ಒಳ್ಳೆಯದು, ಅಗ್ಗದ್ದು, ಶುಗರ್ ಇದ್ದವರಲ್ಲಿ ಹೆಚ್ಚಿನವರು ತೆಗೆದುಕೊಳ್ಳುವುದು ಅದನ್ನೇ. ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ವಿಟಮಿನ್ ಬಿ12 ಕಡಿಮೆ ಆಗುತ್ತದೆ. ಬಿ12 ಇಳಿದರೆ ಮರೆವು, ಮಂಕು, ಕಾಲು ಜೋಮು ಹಿಡಿಯುವುದು ಎಲ್ಲ ಬರುತ್ತದೆ. ಕಾಲಿನ ಜೋಮನ್ನು ಶುಗರ್‌ಗೆ, ಮರೆವನ್ನು ವಯಸ್ಸಿಗೆ ಹೊರಿಸಿ ಬಿ12 ತಪ್ಪಿಸಿಕೊಂಡುಬಿಡುತ್ತದೆ. ಮೀನು ಮೊಟ್ಟೆ ಮುಟ್ಟದ ಮನೆಯವರಿಗೆ ಈ ಕೊರತೆ ಮೊದಲೇ ಇರುವುದು ಜಾಸ್ತಿ. ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಇಂಜೆಕ್ಷನ್ ಅಥವಾ ಮಾತ್ರೆಯಿಂದ ಸರಿಮಾಡಬಹುದು. ಮೆಟ್‌ಫಾರ್ಮಿನ್ ಬಿಡಬೇಕಾಗಿಲ್ಲ.

ಇದರ ಜತೆಗೇ ಥೈರಾಯ್ಡ್ ನೋಡಿಸಿ. ಕಿವಿ ಕೇಳುತ್ತದಾ ನೋಡಿ. ಕಿವಿ ಮಂದ ಆದವರು ಅರ್ಧ ಮಾತು ಕೇಳಿಸಿಕೊಂಡು ಅರ್ಧ ಬಿಡುತ್ತಾರೆ, ಮನೆಯವರು ಮರೆವು ಅಂದುಕೊಳ್ಳುತ್ತಾರೆ. ಮನಸ್ಸು ಕುಗ್ಗಿದವರಲ್ಲೂ ಹೀಗೇ. ಗೊರಕೆ ಜೋರಾಗಿದ್ದು ನಡುವೆ ಉಸಿರು ನಿಂತಂತಾಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಿದ್ದೆ ಕೆಟ್ಟರೆ ಶುಗರ್ ಏರುತ್ತದೆ, ತಲೆಯೂ ಓಡುವುದಿಲ್ಲ.

ಊಟದ ವಿಷಯ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಮುಂಬೈನಲ್ಲಿ ಕೆಡುವುದು ಏನು ತಿನ್ನುತ್ತೇವೆ ಎಂಬುದಕ್ಕಿಂತ ಯಾವಾಗ ತಿನ್ನುತ್ತೇವೆ ಎಂಬುದರಿಂದ.

ಮೊದಲು ಚಹಾ. ದಿನಕ್ಕೆ ಆರು ಕಟಿಂಗ್, ಒಂದೊಂದಕ್ಕೆ ಒಂದೂವರೆ ಚಮಚ ಸಕ್ಕರೆ ಅಂದುಕೊಳ್ಳಿ. ಒಂಬತ್ತು ಚಮಚ ಆಯಿತು, ಸುಮಾರು 36 ಗ್ರಾಂ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಹಾದಲ್ಲೇ ಅದು ಮುಗಿದುಹೋಯಿತು. ಒಮ್ಮೆಲೇ ಸಪ್ಪೆ ಚಹಾ ಕುಡಿಯಿರಿ ಅಂದರೆ ಯಾರೂ ಕುಡಿಯುವುದಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ಆರರಲ್ಲಿ ಎರಡನ್ನು ಮಜ್ಜಿಗೆಗೆ ಬದಲಾಯಿಸಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವುದು ಸುಳ್ಳು. ರಕ್ತಕ್ಕೆ ಹೋದ ಮೇಲೆ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಉಡುಪಿ ಸಾಂಬಾರಿಗೂ ಬೆಲ್ಲ ಬೀಳುತ್ತದೆ, ಬಟ್ಟಲು ಬಟ್ಟಲು ಕುಡಿಯುವವರು ಗಮನಿಸಿ.

ಬೆಳಗಿನ ತಿಂಡಿ ಬರೀ ಇಡ್ಲಿ, ಬರೀ ಪೋಹೆ ಆಗದಿರಲಿ. ಎರಡು ಇಡ್ಲಿ ಜತೆಗೆ ಒಂದು ಬಟ್ಟಲು ಹೆಸರುಕಾಳು ಉಸಳಿ ಅಥವಾ ಮೊಟ್ಟೆ. ಪೋಹೆಗೆ ಕಡ್ಲೆಬೀಜ, ಬಟಾಣಿ ಜಾಸ್ತಿ, ಅವಲಕ್ಕಿ ಕಮ್ಮಿ. ಮಿಸಳ್ ತಿನ್ನುವ ಆಸೆಯಾದರೆ ಮಟಕಿ ಜಾಸ್ತಿ ಹಾಕಿಸಿಕೊಂಡು ಒಂದೇ ಪಾವ್. ವಡಾಪಾವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈದಾದ ಒಳಗೆ ಆಲೂಗಡ್ಡೆ, ಅಪರೂಪಕ್ಕೆ ಒಂದು ಇರಲಿ.

ಊಟದಲ್ಲಿ ಅನ್ನವನ್ನು ಬೈದು ಪ್ರಯೋಜನ ಇಲ್ಲ. ಅನ್ನ ಬಿಡಿ ಅಂದರೆ ನಮ್ಮವರು ಡಾಕ್ಟರನ್ನೇ ಬಿಡುತ್ತಾರೆ. ಕ್ರಮ ಬದಲಾಯಿಸಿ. ಮೊದಲು ಪಲ್ಯ, ಕೋಸಂಬರಿ, ಮೀನು ಅಥವಾ ಬೇಳೆ ತಿನ್ನಿ, ಅನ್ನ ಕೊನೆಗೆ ಬರಲಿ. ಆಗ ಊಟದ ನಂತರದ ಶುಗರ್ ಅಷ್ಟು ಜೋರಾಗಿ ಏರುವುದಿಲ್ಲ, ತಿನ್ನುವ ಅನ್ನವೂ ತಾನಾಗಿ ಕಡಿಮೆ ಆಗುತ್ತದೆ. ಕುಚ್ಚಲಕ್ಕಿ ಬಿಳಿ ಅಕ್ಕಿಗಿಂತ ಮೇಲು, ಆದರೆ ದೊಡ್ಡ ಬಟ್ಟಲಿನಲ್ಲಿ ಮೂರು ಸಲ ಬಡಿಸಿಕೊಂಡರೆ ಆ ಮೇಲುಗೈ ಮುಗಿಯಿತು. ಕೋರಿ ರೊಟ್ಟಿ ಕೈಗೆ ಹಗುರ, ಹಾಗಂತ ಅದು ಅಕ್ಕಿಯಲ್ಲದೆ ಬೇರೇನಲ್ಲ. ರಾಗಿಯನ್ನು ಎಲ್ಲರೂ ಔಷಧಿ ಅಂದುಕೊಂಡಿದ್ದಾರೆ. ನುಣ್ಣಗೆ ಬೀಸಿ ನೀರಾಗಿ ಕುದಿಸಿದ ಗಂಜಿ ಬೇಗ ಜೀರ್ಣವಾಗಿ ಶುಗರ್ ಬೇಗ ಏರಿಸುತ್ತದೆ. ಸೊಪ್ಪು ಹಾಕಿದ ರಾಗಿರೊಟ್ಟಿ ಅಥವಾ ಜೋಳದ ಭಾಕ್ರಿ ಒಳ್ಳೆಯದು.

ಮೀನು ತಿನ್ನುವವರು ಪುಣ್ಯವಂತರು. ಬಂಗುಡೆ, ಬೂತಾಯಿ ಎರಡರಲ್ಲೂ ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಧಾರಾಳ ಇದೆ, ದುಬಾರಿ ಪಾಪ್ಲೆಟ್ಟೇ ಬೇಕೆಂದಿಲ್ಲ. ರವೆ ಹಚ್ಚಿ ಕರಿಯುವುದಕ್ಕಿಂತ ಪುಳಿಮುಂಚಿ ಮಾಡಿ. ಮಾವಿನ ಕಾಲದಲ್ಲಿ ಆಪೂಸ್ ಅರ್ಧ ಹಣ್ಣು ಹೋಳು ಮಾಡಿ ತಿಂದರೆ ಅದು ಬೇರೆ, ಆಮ್‌ರಸ ಪೂರಿ ಅಂತ ಕೂತರೆ ಅದು ಬೇರೆ.

ಇನ್ನು ಹೊತ್ತು. ಹೋಟೆಲಿನವರ ದಿನ ಬೆಳಗಿನ ಐದಕ್ಕೆ ಶುರು. ಮಧ್ಯಾಹ್ನದ ಗಿರಾಕಿ ಇಳಿಯುವಾಗ ಮೂರೂವರೆ. ರಾತ್ರಿ ಶಟರ್ ಎಳೆದು ಉಣ್ಣುವಾಗ ಹನ್ನೊಂದೂವರೆ, ಉಂಡ ಕೂಡಲೇ ಹಾಸಿಗೆ. ಡೊಂಬಿವಲಿ, ವಿರಾರ್‌ಗೆ ಹೋಗುವವರದೂ ಹತ್ತು ಹತ್ತೂವರೆ. ಇದನ್ನು ಪೂರ್ತಿ ಬದಲಾಯಿಸಲು ಆಗುವುದಿಲ್ಲ, ಒಡೆಯಬಹುದು. ಸಂಜೆ ಏಳರ ಹೊತ್ತಿಗೆ ನಿಜವಾದ ಊಟದ ಮುಕ್ಕಾಲು ಭಾಗ ಮುಗಿಸಿ: ಎರಡು ಚಪಾತಿ, ಪಲ್ಯ, ಬೇಳೆ. ಆಫೀಸಿಗೆ ಹೋಗುವವರು ಎರಡನೇ ಡಬ್ಬ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಮಜ್ಜಿಗೆ, ಒಂದಿಷ್ಟು ಪಲ್ಯ. "ಎಲ್ಲರೂ ಒಟ್ಟಿಗೆ ಉಣ್ಣಬೇಕು" ಎಂದು ಕಾಯುವ ಅತ್ತೆ ಅಮ್ಮಂದಿರಿಗೆ ಇದು ಹಿಡಿಸುವುದಿಲ್ಲ. ಅವರಿಗೂ ಶುಗರ್ ಇದ್ದರೆ ಅವರನ್ನೂ ಏಳೂವರೆಗೆ ಕೂರಿಸಿ.

ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಸ್ನಾಯು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ತಾನಾಗಿ ಎಳೆದುಕೊಳ್ಳುತ್ತದೆ, ಇನ್ಸುಲಿನ್ ಹೆಚ್ಚು ಬೇಕಾಗುವುದಿಲ್ಲ. ಬಿಲ್ಡಿಂಗ್ ಕಾಂಪೌಂಡ್ ಸಾಕು. ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್, ದಾದರಿನವರಿಗೆ ಶಿವಾಜಿ ಪಾರ್ಕ್ ಇದೆ. ಮಳೆಗಾಲದಲ್ಲಿ ಮನೆಯೊಳಗೇ ನಡೆಯಿರಿ. ಒದ್ದೆ ಚಪ್ಪಲಿಯಲ್ಲಿ ನಡೆದು ಕಾಲಿಗೆ ಸೋಂಕು ತಂದುಕೊಳ್ಳುವುದು ಬೇಡ.

ಶುಗರ್ ಇಳಿಯುವುದಕ್ಕೂ ಹೆದರಬೇಕು

ಶುಗರ್ ಜಾಸ್ತಿ ಆದರೆ ಮಿದುಳು ನಿಧಾನಕ್ಕೆ ಕೆಡುತ್ತದೆ. ತೀರಾ ಇಳಿದರೆ ನಿಮಿಷಗಳಲ್ಲಿ ಕೆಲಸ ನಿಲ್ಲಿಸುತ್ತದೆ. ಮತ್ತೆ ಮತ್ತೆ ತೀವ್ರವಾಗಿ ಇಳಿದ ಹಿರಿಯರಲ್ಲಿ ಮುಂದೆ ಮರೆವಿನ ಕಾಯಿಲೆ ಜಾಸ್ತಿ ಕಂಡಿದೆ. 70ಕ್ಕಿಂತ ಕೆಳಗೆ ಬಂದರೆ ಇಳಿದಂತೆ, 54ಕ್ಕಿಂತ ಕೆಳಗೆ ಅಪಾಯ.

ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಇದು ಬರುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಝೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ಅಥವಾ ಇನ್ಸುಲಿನ್ ಇದ್ದವರು ಹುಷಾರಾಗಿರಬೇಕು. ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ, ಎಂಟಕ್ಕೆ ಒಂದು ಇಡ್ಲಿ ತಿಂದು, ಮೂರೂವರೆವರೆಗೆ ಬರೀ ಚಹಾದಲ್ಲಿ ಇರುವವರಿಗೆ ಒಂದು ಗಂಟೆಯ ಹೊತ್ತಿಗೆ ಬೆವರು, ನಡುಕ, ಎದೆ ಡವಡವ, ಹಸಿವು, ಸಿಟ್ಟು ಬರುತ್ತದೆ. ನಿಮ್ಮ ಊಟದ ನಿಜವಾದ ಹೊತ್ತನ್ನು ಡಾಕ್ಟರಿಗೆ ಹೇಳಿ. "ಒಂದು ಗಂಟೆಗೆ ಉಣ್ಣುತ್ತೇನೆ" ಅಂತ ಸಭ್ಯವಾಗಿ ಸುಳ್ಳು ಹೇಳಿದರೆ ಮಾತ್ರೆ ಆ ಸುಳ್ಳಿಗೆ ತಕ್ಕಂತೆ ಬರುತ್ತದೆ. ವಯಸ್ಸಾದವರಲ್ಲಿ ನಡುಕ ಬೆವರು ಇಲ್ಲದೆ ಬರೀ ಗೊಂದಲ, ತೊದಲು ಕಾಣಬಹುದು. ಬಿಪಿಗೋ ಹಾರ್ಟಿಗೋ ಬೀಟಾ ಬ್ಲಾಕರ್ ಎಂಬ ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆ ಡವಡವ, ನಡುಕ ಗೊತ್ತಾಗದೇ ಇರಬಹುದು.

ಇಳಿದಾಗ ಮೂರು ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ. ಸುಮಾರು 15 ಗ್ರಾಂ ಆಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಇನ್ನೊಮ್ಮೆ. ಆಮೇಲೆ ಊಟ. ಚಾಕಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನ ಆಗುತ್ತದೆ. ನಿಮ್ಮ ಮಾತ್ರೆಯ ಪಟ್ಟಿಯ ಮೇಲೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂದು ಇದ್ದರೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಎರಡು ಮೂರು ಔಷಧಿ ಸೇರಿಸಿದ ಮಾತ್ರೆಗಳಲ್ಲಿ ವೋಗ್ಲಿಬೋಸ್ ಇರುವುದುಂಟು, ಒಮ್ಮೆ ಓದಿ ನೋಡಿ. ಪ್ಯಾಕೆಟ್ ಒಂದನ್ನು ಅಂಗಿ ಜೇಬಿನಲ್ಲಿ ಇಡಿ. ತುಂಬಿದ ಲೋಕಲ್‌ನಲ್ಲಿ ರ‍್ಯಾಕ್ ಮೇಲಿನ ಬ್ಯಾಗಿಗೆ ಕೈ ಎಟುಕುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಇದೇ ಕಾರಣಕ್ಕೆ ಹಿರಿಯರ ಶುಗರನ್ನು ತೀರಾ ಬಿಗಿಯಾಗಿ ಇಳಿಸಲು ಹಠ ಹಿಡಿಯಬಾರದು. ಅಮೆರಿಕದ ಅಕಾರ್ಡ್ ಅಧ್ಯಯನದಲ್ಲಿ ಕೆಲವರ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತರಲು ನೋಡಿದರು, ಉಳಿದವರದನ್ನು 7ರಿಂದ 7.9ರ ನಡುವೆ ಬಿಟ್ಟರು. ಬಿಗಿ ಮಾಡಿದವರಲ್ಲಿ ಯೋಚನೆ, ನೆನಪು ಉತ್ತಮ ಆಗಲಿಲ್ಲ, ಸಾವು ಹೆಚ್ಚಾಯಿತು, ಆ ಭಾಗವನ್ನು 2008ರಲ್ಲಿ ನಿಲ್ಲಿಸಿದರು. ಗಟ್ಟಿಮುಟ್ಟಾದ ಹಿರಿಯರಿಗೆ 7ರಿಂದ 7.5, ಹಲವು ಕಾಯಿಲೆ ಅಥವಾ ಮರೆವು ಇರುವವರಿಗೆ 8ರ ಒಳಗೆ ಎಂದು ಈಗ ಸಾಮಾನ್ಯವಾಗಿ ಗುರಿ ಇಡುತ್ತಾರೆ. ನಲವತ್ತರವರ ಗುರಿ ಬೇರೆ. ನಿಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಎಂದು ಡಾಕ್ಟರನ್ನೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಡಾಕ್ಟರ ಹತ್ತಿರ

ನೋಟ್‌ಬುಕ್, ಎಲ್ಲ ಮಾತ್ರೆಗಳ ಪಟ್ಟಿ, ಕಣ್ಣಿನ ರಿಪೋರ್ಟ್ ತೆಗೆದುಕೊಂಡು ಹೋಗಿ. ಕಣ್ಣಿನ ಹಿಂಪರದೆಯ ಸಣ್ಣ ನಾಳ ಕೆಟ್ಟಿದ್ದರೆ ಮಿದುಳಿನದೂ ಕೆಟ್ಟಿರುವ ಸಾಧ್ಯತೆ ಜಾಸ್ತಿ, ಅದಕ್ಕೆ ಆ ರಿಪೋರ್ಟ್ ಬೇಕು. 65 ದಾಟಿದ ಶುಗರ್‌ನವರಿಗೆ ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆ ಮಾಡಿ ಎಂದು ನೀವಾಗಿ ಕೇಳಬಹುದು. ಪರೇಲ್‌ನ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ನರರೋಗ ವಿಭಾಗ ಇದೆ. ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಮುಂಬೈನಲ್ಲಿ ನಮ್ಮವರಿಗೆ ಒಂದು ವಿಶೇಷ ತೊಂದರೆ ಇದೆ. ಪರೀಕ್ಷೆ ನಡೆಯುವುದು ಹಿಂದಿಯಲ್ಲಿ ಅಥವಾ ಮರಾಠಿಯಲ್ಲಿ. ನಲವತ್ತು ವರ್ಷ ಇಲ್ಲಿದ್ದರೂ ಅಮ್ಮನ ಹಿಂದಿ ತರಕಾರಿ ಮಾರ್ಕೆಟ್ಟಿಗೆ ಸಾಕಾಗುವಷ್ಟೇ. "ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ" ಎಂದು ಹಿಂದಿಯಲ್ಲಿ ಕೇಳಿದರೆ ನಾಲ್ಕು ಹೇಳಿ ನಿಲ್ಲುತ್ತಾರೆ. ಕನ್ನಡದಲ್ಲಿ ಕೇಳಿದರೆ ಹದಿನೈದು ಹೇಳಿಯಾರು. ಕಡಿಮೆ ಅಂಕ ಬಂದರೆ ಇಲ್ಲದ ಮರೆವಿಗೆ ಮಾತ್ರೆ ಶುರುವಾಗುತ್ತದೆ. ಐಸಿಎಂಆರ್ ಸಿದ್ಧಪಡಿಸಿದ ನೆನಪು-ಯೋಚನೆಯ ಪರೀಕ್ಷೆಗಳ ಗುಂಪು ಐದು ಭಾರತೀಯ ಭಾಷೆಗಳಲ್ಲಿದೆ, ಅದರಲ್ಲಿ ಕನ್ನಡವೂ ಒಂದು. ಕನ್ನಡದ ಪರೀಕ್ಷೆ ಸಿಗುತ್ತದಾ ಎಂದು ಕೇಳಿ. ಸಿಗದಿದ್ದರೆ ಮನೆಮಾತು ಕನ್ನಡ ಅಥವಾ ತುಳು, ಓದಿದ್ದು ಎಷ್ಟನೇ ಕ್ಲಾಸಿನವರೆಗೆ ಎಂದು ಫೈಲಿನಲ್ಲಿ ಬರೆಯಲು ಹೇಳಿ. ಜತೆಯಲ್ಲಿ ಹೋದ ಮಗ ಮಗಳು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿಕೊಡಬಹುದು, ಉತ್ತರ ಹೇಳಿಕೊಡಬಾರದು. ಇದು ಅಷ್ಟು ಸುಲಭ ಅಲ್ಲ. ಅಮ್ಮ ತಡವರಿಸಿದರೆ ಬಾಯಿ ತಾನಾಗಿ ತೆರೆಯುತ್ತದೆ.

ಜನರ ನಡುವೆ ಇರುವುದೂ ಚಿಕಿತ್ಸೆಯೇ. ಮರೆವಿನ ಕಾಯಿಲೆಗೆ ಕಾರಣವಾಗುವ, ಬದಲಾಯಿಸಲು ಸಾಧ್ಯವಿರುವ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಮಧುಮೇಹ, ಬಿಪಿ, ಕಿವುಡುತನದ ಜತೆ ಒಂಟಿತನವೂ ಇದೆ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘದ ಕಾರ್ಯಕ್ರಮ, ಯಕ್ಷಗಾನ, ಭಜನೆ, ಯಾವುದಾದರೂ ಆಗಲಿ, ಹಿರಿಯರನ್ನು ಕರೆದುಕೊಂಡು ಹೋಗಿ. ಅಲ್ಲಿ ಕೊಡುವ ಶೀರಾ ಅರ್ಧ ಸಾಕು.

ಸ್ಟ್ರೋಕ್ ಅನ್ನಿಸಿದರೆ

ಬಾಯಿ ಒಂದು ಕಡೆ ವಾಲಿದೆಯಾ, ಎರಡೂ ಕೈ ಎತ್ತಿದಾಗ ಒಂದು ಇಳಿಯುತ್ತದಾ, ಮಾತು ತೊದಲುತ್ತದಾ ನೋಡಿ. ಒಂದು ಇದ್ದರೂ 108. ಸಾಧ್ಯವಾದರೆ ಶುಗರ್ ಚುಚ್ಚಿ ನೋಡಿ, ಯಾಕೆಂದರೆ ಶುಗರ್ ಇಳಿದಾಗಲೂ ಹೀಗೇ ಕಾಣಬಹುದು, ಆದರೆ ಅದಕ್ಕಾಗಿ ಹೊರಡುವುದನ್ನು ತಡಮಾಡಬೇಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಟ್ರಾಫಿಕ್‌ನಲ್ಲೇ ಒಂದು ಗಂಟೆ ಹೋಗುವ ಊರಿದು. ಹತ್ತಿರದ ನರ್ಸಿಂಗ್ ಹೋಮಿಗೆ ಅಲ್ಲ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ. ಅದು ಯಾವುದು ಎಂದು ಇವತ್ತೇ ವಿಚಾರಿಸಿ ಬರೆದಿಡಿ. ಕೊನೆಯದಾಗಿ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ ಎಂದು ಅಲ್ಲಿ ಮೊದಲು ಕೇಳುತ್ತಾರೆ.

ಊರಿಗೆ ಹೋಗುವಾಗ

ವರ್ಷದಲ್ಲಿ ಶುಗರ್ ಅತಿ ಹೆಚ್ಚು ಕೆಡುವುದು ಮೇ ತಿಂಗಳಲ್ಲಿ, ಮದುವೆ, ಕೋಲ, ಬ್ರಹ್ಮಕಲಶ ಎಂದು ಊರಿಗೆ ಹೋದಾಗ. ಮಾತ್ರೆ ಒಂದು ವಾರದ್ದು ಹೆಚ್ಚೇ ಇಟ್ಟುಕೊಳ್ಳಿ, ಟಿಕೆಟ್ ಸಿಗದೆ ಉಳಿದುಹೋಗುವುದು ಹೊಸದಲ್ಲ. ಇನ್ಸುಲಿನ್ ಇದ್ದರೆ ಮತ್ಸ್ಯಗಂಧ ರೈಲಿನಲ್ಲಿ ಸೀಟಿನ ಕೆಳಗಿನ ಪೆಟ್ಟಿಗೆಗೆ ಹಾಕಬೇಡಿ, ಕೈಚೀಲದಲ್ಲಿರಲಿ. ಐಸಿಗೆ ನೇರ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾಗುತ್ತದೆ. ಊರಿನ ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಮಡಕೆಯಲ್ಲಿ ನೀರು ಹಾಕಿ, ಇನ್ಸುಲಿನ್ ಒದ್ದೆಯಾಗದಂತೆ ಡಬ್ಬಿಯಲ್ಲಿಟ್ಟು ಅದರೊಳಗೆ ಇಡಿ. ರಾತ್ರಿಯಿಡೀ ಕೋಲ ನೋಡುವವರು ಊಟ ತಪ್ಪಿದರೆ ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿಕೊಂಡಿರಿ. ಗ್ಲೂಕೋಸ್ ಪುಡಿಯ ಪ್ಯಾಕೆಟ್ ಯಾವ ಜೇಬಿನಲ್ಲಿದೆ ಎಂದು ಜತೆಗಿರುವವರಿಗೆ ಹೇಳಿಡಿ.